ಜೀಪಿನ ಸೈಲೆನ್ಸರ್, ನಮ್ಮ ಮಳೆ ಮತ್ತು ಒಣಹುಲ್ಲು

(ಸಕಲೇಶಪುರ–ಆಲೂರು ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಸಭೆಯಲ್ಲಿ ತರುಣರೊಬ್ಬರು ಎದ್ದು ನಿಂತು, "ನಮ್ಮ ಜೀಪಿನ ಸೈಲೆನ್ಸರ್ ಎರಡು ಮಳೆಗಾಲಕ್ಕೆ ತೂತು ಬೀಳುತ್ತದೆ. ಬಿಸಿ ತಡೆಯುವ ಯಾವ ಬಣ್ಣ ಹೊಡೆಯಬೇಕು ಸಾರ್?" ಎಂದು ಕೇಳಿದಾಗ ಕೆಲವರು ನಕ್ಕರು. ಕಾಡು, ಹೊಳೆಗಳ ಚರ್ಚೆಯ ನಡುವೆ ಇದೆಂತಹ ಪ್ರಶ್ನೆ ಎಂಬುದು ಅವರ ಭಾವವಾಗಿದ್ದಿರಬೇಕು. ನನಗೆ ನಗು ಬರಲಿಲ್ಲ. ನಮ್ಮ ಬೆಟ್ಟದ ದಾರಿಗಳಲ್ಲಿ ಗೊಬ್ಬರ, ಕಾಫಿ ಹಣ್ಣು, ಜ್ವರ ಬಂದ ಮಗು, ಎಲ್ಲವನ್ನೂ ಹೊರುವುದು ಜೀಪೇ. ವಾರದ ಕೊನೆಯಲ್ಲಿ ಬರುವ ಪ್ರವಾಸಿಗರನ್ನು ಗುಡ್ಡದ ನೆತ್ತಿಗೆ ಒಯ್ಯುವುದೂ ಅದೇ. ಆ ಪ್ರಶ್ನೆಗೆ ಇಂದು ಉತ್ತರಿಸಲು ಯತ್ನಿಸುತ್ತೇನೆ. ನಾನು ಎಂಜಿನಿಯರನಲ್ಲ, ಹಳೆಯ ಜೀಪೊಂದನ್ನು ಇಟ್ಟುಕೊಂಡು ತೋಟ ಮಾಡುವವನು.

ಮೊದಲು ಕೊಳವೆ ಏಕೆ ಕೊಳೆಯುತ್ತದೆ ಎಂಬುದನ್ನು ತಿಳಿಯಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಆ ನೀರು ಆವಿಯಾಗಿ ಹೊಗೆಯೊಡನೆ ಹೊರಹೋಗಬೇಕು. ಜೀಪು ದೂರ ಓಡಿದರೆ ಸೈಲೆನ್ಸರ್ ಚೆನ್ನಾಗಿ ಕಾದು ಒಳಗೆಲ್ಲ ಒಣಗುತ್ತದೆ. ಆದರೆ ತೋಟದ ಜೀಪು ಮನೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗಳಿಗೆ, ಹತ್ತು ನಿಮಿಷದ ಓಟಕ್ಕಿಂತ ಹೆಚ್ಚು ಕಾಣದು. ಆವಿ ಒಳಗೇ ತಣಿದು ನೀರಾಗಿ ನಿಲ್ಲುತ್ತದೆ. ಅದಕ್ಕೆ ಡೀಸೆಲ್ಲಿನ ಗಂಧಕ ಸೇರಿ ಆಮ್ಲವಾಗುತ್ತದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುತ್ತಿರುವ ಬಿಎಸ್-6 ಇಂಧನದಲ್ಲಿ ಗಂಧಕವನ್ನು ದಶಲಕ್ಷಕ್ಕೆ 10 ಭಾಗಕ್ಕೆ ಮಿತಗೊಳಿಸಿದ್ದಾರೆ. ಇದರಿಂದ ಆಮ್ಲದ ಕಾಟ ತಗ್ಗಿದೆಯೇ ಹೊರತು ನೀರಿನ ಕಾಟ ತಗ್ಗಿಲ್ಲ.

ಆದ್ದರಿಂದ ಆ ತರುಣರು ತಿಳಿದಿರಬೇಕಾದ ಮೊದಲ ಮಾತು: ಬಣ್ಣ ಹೊರಮೈಯನ್ನಷ್ಟೇ ಕಾಯುತ್ತದೆ. ಒಳಗಿನಿಂದ ತಿನ್ನುವ ತುಕ್ಕಿಗೆ ಯಾವ ಬಣ್ಣವೂ ಮದ್ದಲ್ಲ. ಸೈಲೆನ್ಸರಿನ ಅತ್ಯಂತ ತಗ್ಗಿನಲ್ಲಿ ನೀರು ಬಸಿಯಲು ಸಣ್ಣ ರಂಧ್ರವಿದ್ದರೆ ಅದನ್ನು ಕೆಸರು ಮುಚ್ಚದಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿ.

ಹೊರಮೈಗೆ ಶತ್ರುಗಳು ಬೇರೆ. ನಮ್ಮ ಮಳೆ, ಕೆಸರು, ತೊರೆ ದಾಟುವಾಗ ಕಾದ ಕಬ್ಬಿಣಕ್ಕೆ ಬಡಿಯುವ ತಣ್ಣೀರು. ಇನ್ನೊಂದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಪೊಟ್ಯಾಷ್ ಗೊಬ್ಬರ. ತೋಟಕ್ಕೆ ಹಾಕುವ ಪೊಟ್ಯಾಷ್ ರಾಸಾಯನಿಕವಾಗಿ ಕ್ಲೋರೈಡ್ ಲವಣ, ಅಡುಗೆ ಉಪ್ಪಿನ ಸೋದರ. ಚೀಲದಿಂದ ಸೋರಿದ ಹುಡಿ ಮಳೆನೀರಿನೊಡನೆ ಕೆಳಗಿಳಿದರೆ ಕಬ್ಬಿಣವನ್ನಷ್ಟೇ ಅಲ್ಲ, ಸ್ಟೇನ್‌ಲೆಸ್ ಉಕ್ಕನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಗೊಬ್ಬರ ಹೊತ್ತ ದಿನ ಸಂಜೆ ಜೀಪಿನ ಅಡಿಭಾಗಕ್ಕೆ ನಾಲ್ಕು ಕೊಡ ನೀರು ಹೊಡೆಯುವುದು ದುಬಾರಿ ಬಣ್ಣಕ್ಕಿಂತ ಮೇಲು.

ಇನ್ನು ಲೇಪನದ ವಿಷಯ. ಗೇಟಿಗೆ ಬಳಿಯುವ ಎನಾಮೆಲ್ ಬಣ್ಣ ಇಲ್ಲಿ ಕೆಲಸಕ್ಕೆ ಬಾರದು, ಒಂದೇ ಏರಿನಲ್ಲಿ ಸುಟ್ಟು ಸಿಪ್ಪೆ ಏಳುತ್ತದೆ. ಎಂಜಿನಿನ ಹತ್ತಿರದ ಕೊಳವೆ ಹೊರೆ ಹೊತ್ತು ಏರುವಾಗ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಬಲ್ಲದು. ಸತುವಿನ ಲೇಪವೂ ಬೇಡ. ಸತು 419 ಡಿಗ್ರಿಗೇ ಕರಗುತ್ತದೆ, ವೆಲ್ಡಿಂಗ್ ಮಾಡುವಾಗ ಏಳುವ ಅದರ ಹೊಗೆ ಕುಡಿದ ಕೆಲಸಗಾರ ರಾತ್ರಿ ಜ್ವರದಲ್ಲಿ ನಡುಗುತ್ತಾನೆ. ಕ್ರೋಮ್ ಹೊಳಪು ಪೇಟೆಯ ಬೈಕಿಗೆ ಚೆನ್ನ. ಆ ಲೇಪನದಲ್ಲಿ ಬಹುಕಾಲದಿಂದ ಬಳಸುತ್ತಿರುವ ಷಡ್ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ರಾಸಾಯನಿಕಗಳ ತ್ಯಾಜ್ಯ ಅಂತರ್ಜಲವನ್ನು ಏನು ಮಾಡಿತೆಂಬುದು ಜಗಜ್ಜಾಹೀರು. ನಮ್ಮ ಜೀಪಿನ ಹೊಳಪಿಗಾಗಿ ಇನ್ನೊಬ್ಬರ ಬಾವಿ ಕೆಡುವುದು ನನಗೆ ಒಪ್ಪಿಗೆಯಿಲ್ಲ.

ಕೊಳವೆಗೆ ಬಟ್ಟೆಪಟ್ಟಿ ಸುತ್ತುವ ಶೋಕಿಯೂ ಈಗ ಬಂದಿದೆ. ಒಣ ಸೀಮೆಗೆ ಅದು ಸರಿಯಿರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒದ್ದೆಬಟ್ಟೆಯಂತೆ ನೀರು ಹಿಡಿದು ಕುಳಿತು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ನಾನೇ ಹಿಂದೊಮ್ಮೆ ಗ್ಯಾರೇಜಿನವರ ಮಾತು ಕೇಳಿ ಕಲ್ನಾರಿನ ಹಗ್ಗ ಸುತ್ತಿಸಿದ್ದೆ. ಮರುವರ್ಷ ಬಿಚ್ಚಿದಾಗ ಕೊಳವೆ ಹಪ್ಪಳದಂತೆ ಕೈಗೆ ಬಂತು. ಆ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಎಷ್ಟು ಅಪಾಯಕಾರಿ ಎಂಬುದನ್ನು ಆಮೇಲೆ ತಿಳಿದು ಇನ್ನಷ್ಟು ಕಳವಳಪಟ್ಟೆ.

ಹೊಸ ಸೈಲೆನ್ಸರ್ ಹಾಕಿಸುವವರು ಅಲ್ಯೂಮಿನಿಯಂ ಲೇಪಿತ ಉಕ್ಕಿನದನ್ನೋ, ಹಣವಿದ್ದರೆ 409 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದನ್ನೋ ಕೇಳಿ. 409ರ ಮೇಲೆ ಕಂದು ಬಣ್ಣ ಬಂದರೆ ಗಾಬರಿ ಬೇಡ, ಅದು ಮೇಲ್ಮೈಯ ತುಕ್ಕು. ಇರುವ ಕಬ್ಬಿಣದ ಕೊಳವೆಯನ್ನೇ ಉಳಿಸಿಕೊಳ್ಳುವವರಿಗೆ ನನ್ನ ಸಲಹೆ, ಅಲ್ಯೂಮಿನಿಯಂ ಪುಡಿ ಬೆರೆತ ಸಿಲಿಕೋನ್ ಬಣ್ಣ. ಡಬ್ಬಿಯ ಮೇಲೆ 600 ಡಿಗ್ರಿ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ.

ಆದರೆ ಬಣ್ಣಕ್ಕಿಂತ ಬಳಿಯುವ ಕ್ರಮ ಮುಖ್ಯ. ಬೋರ್ಡೋ ದ್ರಾವಣ ಹೊಡೆಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ: ಮುಂಗಾರಿಗೆ ಮುನ್ನ, ಎಲೆ ಒಣಗಿದ್ದಾಗ, ತೆಳುವಾಗಿ, ಎಲ್ಲ ಕಡೆ. ಇಲ್ಲಿಯೂ ಹಾಗೆಯೇ. ಫೆಬ್ರವರಿ–ಮಾರ್ಚಿಯಲ್ಲಿ ಕೊಳವೆ ಬಿಚ್ಚಿ, ವೈರ್ ಬ್ರಷ್ಷಿನಿಂದ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಥಿನ್ನರಿನಿಂದ ಎಣ್ಣೆಯ ಪಸೆ ತೆಗೆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಎರಡು ತೆಳು ಲೇಪ ಸಾಕು. ದಪ್ಪ ಬಳಿದರೆ ಗುಳ್ಳೆ ಏಳುತ್ತದೆ. ಈ ಬಣ್ಣ ಗಾಳಿಯಲ್ಲಿ ಒಣಗಿದಂತೆ ಕಂಡರೂ ಗಟ್ಟಿಯಾಗುವುದು ಸುಮಾರು 200 ಡಿಗ್ರಿಯ ಕಾವಿನಲ್ಲಿ. ಮೊದಲ ದಿನ ಎಂಜಿನನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿ ಆರಲು ಬಿಡಿ. ನಂತರ ಇಪ್ಪತ್ತು ನಿಮಿಷ, ಮತ್ತೆ ಆರಿಸಿ. ಬಳಿಕ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಅದಕ್ಕೆ ಮುಂಚೆ ನೀರು ತಾಕಿಸಿದರೆ ಪಟ್ಟ ಶ್ರಮವೆಲ್ಲ ಹೊಳೆಪಾಲು.

ಸೈಲೆನ್ಸರ್ ತೂತಾದರೆ ಸದ್ದು ಹೆಚ್ಚುತ್ತದೆ ಎಂಬುದನ್ನೂ ನೆನಪಿಡಿ. ಸಂಜೆಯ ತೋಟದ ದಾರಿಯಲ್ಲಿ ಬಿದಿರು ಮುರಿಯುವ ಸದ್ದು ಕೇಳಿಸದ ಚಾಲಕ ಆನೆಯ ಎದುರಿಗೇ ಹೋಗಿ ನಿಲ್ಲುತ್ತಾನೆ. ಆಲೂರು–ಸಕಲೇಶಪುರದವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಯಾವ ಬಣ್ಣವೂ ಕೊಳವೆಯನ್ನು ತಣ್ಣಗೆ ಮಾಡುವುದಿಲ್ಲ. "ಬಿಸಿ ತಡೆಯುವ ಬಣ್ಣ" ಎಂದರೆ ಬಣ್ಣ ಬಿಸಿಯನ್ನು ತಡೆದುಕೊಳ್ಳುತ್ತದೆ ಎಂದರ್ಥ, ಕೆಳಗಿರುವ ಹುಲ್ಲು ತಡೆದುಕೊಳ್ಳುತ್ತದೆ ಎಂದಲ್ಲ. ಕಾದ ಲೋಹ 300 ಡಿಗ್ರಿ ದಾಟಿದರೆ ಒಣಹುಲ್ಲು ಹೊತ್ತಿಕೊಳ್ಳಬಲ್ಲದು. ಹೊಸ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಜಾಲರಿಯೊಂದಿದೆ. ಅದು ಆಗಾಗ ಸುಮಾರು 600 ಡಿಗ್ರಿಗೆ ಕಾದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಪಾಂಡವರ ಗುಡ್ಡದ ನೆತ್ತಿಯಲ್ಲೋ, ಬಿಸಿಲೆಯ ಕಡೆಯ ಬೇಣದಲ್ಲೋ, ಏಪ್ರಿಲ್‌ನ ಮೊಣಕಾಲೆತ್ತರದ ಹುಲ್ಲಿನ ಮೇಲೆ ಅಂತಹ ವಾಹನವನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಯೋಚಿಸಿ ನೋಡಿ. ಅಲ್ಲಿಂದ ಎದ್ದ ಬೆಂಕಿ ಶೋಲೆಯ ಅಂಚಿನ ಎಳೆಗಿಡಗಳನ್ನು ಸುಟ್ಟು ತೋಟಕ್ಕಿಳಿಯುತ್ತದೆ. ಪೂರ್ವಕ್ಕೆ ಹೇಮಾವತಿಗೆ, ಪಶ್ಚಿಮಕ್ಕೆ ಕೆಂಪುಹೊಳೆಗೆ ನೀರು ಹನಿಸುವುದು ಅದೇ ಹುಲ್ಲು, ಅದೇ ಶೋಲೆ.

ಪ್ರವಾಸಿಗರನ್ನು ಕರೆದೊಯ್ಯುವ ನಮ್ಮ ಹುಡುಗರಲ್ಲಿ ಕೇಳಿಕೊಳ್ಳುವುದಿಷ್ಟೇ: ಜನವರಿಯಿಂದ ಮೊದಲ ಮಳೆಯವರೆಗೆ ಜೀಪನ್ನು ಬರಿನೆಲದ ಮೇಲೆ, ಬಂಡೆಯ ಮೇಲೆ ಮಾತ್ರ ನಿಲ್ಲಿಸಿ. ಹತ್ತುವ ಮುನ್ನ ಬಗ್ಗಿ ನೋಡಿ, ಕೊಳವೆಗೆ ಸಿಕ್ಕ ಹುಲ್ಲನ್ನು ಕಿತ್ತುಹಾಕಿ. ಎರಡು ಕ್ಯಾನ್ ನೀರು ಹಿಂದೆ ಇರಲಿ.

ನನ್ನ ಜೀಪು ಹೊರಗೆ ನಿಂತಿದೆ. ನಾನು ಹೇಳಿದ ಬಣ್ಣ ಬಳಿದು ಮೂರು ಮಳೆಗಾಲ ಕಳೆದಿವೆ. ವೆಲ್ಡಿಂಗ್ ಮಾಡಿದ ಎರಡು ಕಡೆ ಮತ್ತೆ ತುಕ್ಕು ಎದ್ದಿದೆ, ಉಳಿದೆಡೆ ಗಟ್ಟಿಯಾಗಿದೆ. ಚಹಾ ಆದ ಮೇಲೆ ವಿದ್ಯಾರ್ಥಿಗಳು ಬನ್ನಿ, ಗೋಣಿಚೀಲ ಹಾಸಿದ್ದೇನೆ, ಅಡಿಯಲ್ಲಿ ಮಲಗಿ ನೋಡಬಹುದು.