ತಂಡದ ಯಾತ್ರೆಗೆ ಗಂಟುಮೂಟೆ ಎಷ್ಟು?



ಮಳೆ ಹಿಂದೆ ಸರಿದು ದೀಪಾವಳಿ ಕಳೆಯಿತೆಂದರೆ ನಮ್ಮ ಕಾಸರಗೋಡಿನ ಊರೂರುಗಳಲ್ಲಿ ಯಾತ್ರೆಯ ಮಾತು ಶುರುವಾಗುತ್ತದೆ. ಬದಿಯಡ್ಕದ ಕಡೆ ಭಜನಾ ಮಂದಿರದವರು ಕಾಶಿಗೆ ಹೊರಡುತ್ತಾರೆ, ಪೆರ್ಲದ ಕಡೆ ನಿವೃತ್ತ ಅಧ್ಯಾಪಕರ ಗುಂಪು ಹರಿದ್ವಾರಕ್ಕೆ, ಕುಂಬಳೆಯ ನೆರೆಕರೆಯ ಹತ್ತು ಮನೆಯವರು ಸೇರಿ ಮಥುರಾ ವೃಂದಾವನಕ್ಕೆ. ಟಿಕೆಟು, ರೂಮು, ಊಟ, ಬಸ್ಸು ಎಲ್ಲವೂ ಸಂಘಟಕರ ತಲೆಬಿಸಿ. ಹೋಗುವವರ ಪಾಲಿಗೆ ಉಳಿಯುವ ತೀರ್ಮಾನ ಒಂದೇ: ಲಗೇಜು ಎಷ್ಟು? ಬಾನುಲಿಯಲ್ಲಿ ಕೂತು ಮಾತಾಡುವಷ್ಟು ದೊಡ್ಡ ವಿಷಯವೇ ಇದು ಎಂದು ನೀವು ಕೇಳಬಹುದು. ನಲವತ್ತು ಜನರನ್ನು ಒಮ್ಮೆ ಕರೆದುಕೊಂಡು ಹೋಗಿ ಬಂದವರನ್ನು ವಿಚಾರಿಸಿ ನೋಡಿ. ಊಟ ತಡವಾದದ್ದನ್ನೂ ಬಿಸಿನೀರು ಬಾರದ್ದನ್ನೂ ಅವರು ಮರೆತಿರುತ್ತಾರೆ. ಯಾರ ಸೂಟ್‌ಕೇಸ್ ಎಷ್ಟು ಭಾರವಿತ್ತು ಎಂಬುದನ್ನು ಮಾತ್ರ ಮರೆತಿರುವುದಿಲ್ಲ.

ನಾವೆಲ್ಲ ಲಗೇಜು ಕಟ್ಟುವುದು ದಿನದ ಲೆಕ್ಕದಲ್ಲಿ. ಹತ್ತು ದಿನದ ಯಾತ್ರೆಯೇ? ಹಾಗಾದರೆ ಹತ್ತು ಜೊತೆ ಬಟ್ಟೆ, ಇರಲಿ ಎಂದು ಮೇಲೆ ಎರಡು. ತಪ್ಪುವುದು ಇಲ್ಲಿಯೇ. ಚೀಲ ಎಷ್ಟು ದಿನ ನಮ್ಮ ಜೊತೆಗಿರುತ್ತದೆ ಎಂಬುದರಿಂದ ಕೈಗೆ ನೋವಾಗುವುದಿಲ್ಲ, ಎಷ್ಟು ಸಲ ಎತ್ತಿ ಇಳಿಸುತ್ತೇವೆ ಎಂಬುದರಿಂದ ಆಗುತ್ತದೆ. ಒಂದೇ ಲಾಡ್ಜಿನಲ್ಲಿ ಹತ್ತು ದಿನ ಉಳಿಯುವುದಾದರೆ ದೊಡ್ಡ ಪೆಟ್ಟಿಗೆಯನ್ನೇ ಒಯ್ಯಿರಿ, ಅಡ್ಡಿಯಿಲ್ಲ. ಮೂರೇ ದಿನದಲ್ಲಿ ಮೂರು ಊರು ಎಂದಾದರೆ ಅದೇ ಪೆಟ್ಟಿಗೆ ಪ್ರಾಣ ಹಿಂಡುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಐದು ಕಡೆ ತಂಗುವ ಯಾತ್ರೆ ಎಂದುಕೊಳ್ಳಿ. ಪ್ರತಿ ಲಾಡ್ಜಿನಲ್ಲೂ ಚೀಲವನ್ನು ಬಸ್ಸಿನ ಡಿಕ್ಕಿಯಿಂದ ಇಳಿಸಬೇಕು, ರೂಮಿಗೆ ಹೊರಬೇಕು, ಹೊರಡುವಾಗ ಕೆಳಗೆ ತರಬೇಕು, ಮತ್ತೆ ಡಿಕ್ಕಿಗೆ ಎತ್ತಬೇಕು. ಅಲ್ಲಿಗೆ ಇಪ್ಪತ್ತು ಸಲವಾಯಿತು. ಮನೆಯಿಂದ ಜೀಪಿಗೆ, ಜೀಪಿನಿಂದ ಸ್ಟೇಷನ್ನಿಗೆ, ಮೇಲ್ಸೇತುವೆ ಹತ್ತಿ ಇಳಿದು ರೈಲಿಗೆ, ಅಲ್ಲಿ ಮತ್ತೆ ರೈಲಿನಿಂದ ಬಸ್ಸಿಗೆ, ಬರುವಾಗಲೂ ಇದೇ. ಒಟ್ಟು ಮೂವತ್ತು ಸಲವಾದರೂ ಆಗುತ್ತದೆ. ಚೀಲ 15 ಕಿಲೋ ಇದ್ದರೆ ಯಾತ್ರೆ ಮುಗಿಯುವಾಗ ನೀವು ಎತ್ತಿದ್ದು 450 ಕಿಲೋ, ಅಂದರೆ ಒಂಬತ್ತು ಚೀಲ ಸಿಮೆಂಟು. ಅದೇ ಚೀಲ 8 ಕಿಲೋ ಇದ್ದರೆ 240 ಕಿಲೋ, ಐದು ಚೀಲಕ್ಕೂ ಕಡಿಮೆ. ಪುಣ್ಯ ಸಂಪಾದನೆಗೆ ಹೋದವರು ಲೋಡಿಂಗ್ ಕೆಲಸ ಮಾಡಿ ಬರಬೇಕಾಗಿಲ್ಲ.

ನಮ್ಮ ಜಿಲ್ಲೆಯವರಿಗೆ ಲಗೇಜು ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ ಎನ್ನುವವರಿದ್ದಾರೆ. ಗಲ್ಫಿಗೆ ಹೋಗಿ ಬರುವವರಿಲ್ಲದ ಬೀದಿ ಇಲ್ಲಿ ಕಡಿಮೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ತೂಕದ ಯಂತ್ರದಲ್ಲಿಟ್ಟು, ಕಿಲೋ ಹೆಚ್ಚಾದರೆ ಹಲ್ವ ತೆಗೆದು, ಕಡಿಮೆಯಾದರೆ ಚಿಪ್ಸ್ ತುಂಬುವ ಕಲೆ ಮನೆಮನೆಗೂ ಗೊತ್ತು. ಆದರೆ ಗಲ್ಫಿನ ಪೆಟ್ಟಿಗೆಯ ದಾರಿ ಬೇರೆ. ಮನೆಯಿಂದ ಕಾರಿಗೆ, ಕಾರಿನಿಂದ ಮಂಗಳೂರಿನದೋ ಕಣ್ಣೂರಿನದೋ ವಿಮಾನ ನಿಲ್ದಾಣದ ಟ್ರಾಲಿಗೆ, ಅಲ್ಲಿಂದ ಬೆಲ್ಟಿಗೆ. ಆಚೆ ದಡದಲ್ಲೂ ಹಾಗೆಯೇ. ನಾಲ್ಕೈದು ಸಲ ಎತ್ತಿದರೆ ಮುಗಿಯಿತು, ಉಳಿದದ್ದೆಲ್ಲ ಚಕ್ರದ ಮೇಲೆ. ಕೊಟ್ಟ ತೂಕವನ್ನು ಪೂರ್ತಿ ತುಂಬಿಸುವುದು ಅಲ್ಲಿ ಜಾಣತನ. ಅದೇ ಅಭ್ಯಾಸವನ್ನು ಯಾತ್ರೆಗೆ ತಂದರೆ ಕೆಟ್ಟೆವು.

ರೈಲಿನ ನಿಯಮ ಉದಾರವಾಗಿಯೇ ಇದೆ. ಸ್ಲೀಪರಿನಲ್ಲಿ ಒಬ್ಬರಿಗೆ 40 ಕಿಲೋ, ಮೂರನೇ ಎ.ಸಿ.ಯಲ್ಲೂ 40, ಎರಡನೇ ಎ.ಸಿ.ಯಲ್ಲಿ 50 ಕಿಲೋ ತನಕ ಉಚಿತ. ಆದರೆ ಆ 40 ಕಿಲೋವನ್ನು ರೈಲಿಗೆ ಹತ್ತಿಸುವುದು ಹೇಗೆ? ಎರ್ನಾಕುಳಂನಿಂದ ದೆಹಲಿಯ ನಿಜಾಮುದ್ದೀನಿಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. ಮಥುರಾಕ್ಕೂ ದೆಹಲಿಗೂ ಹೋಗುವ ನಮ್ಮವರಿಗೆ ಅದು ಮನೆ ಬಾಗಿಲಿನ ರೈಲು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಪಾಲಕ್ಕಾಡಿನ ಸುತ್ತು ತಪ್ಪಿ, ಎರಡು ರಾತ್ರಿ ಕಳೆದರೆ ದೆಹಲಿ. ಆದರೆ ಇಂಥ ಎಕ್ಸ್‌ಪ್ರೆಸ್ ರೈಲುಗಳು ಕಾಸರಗೋಡಿನಲ್ಲಿ ನಿಲ್ಲುವುದು ಎರಡು ಮೂರು ನಿಮಿಷ. ಬೋಗಿಯೊಂದಕ್ಕೆ ಪ್ಲಾಟ್‌ಫಾರಂ ಕಡೆಗೆ ಇರುವುದು ಎರಡೇ ಬಾಗಿಲು. ನಲವತ್ತು ಜನ ಒಂದೇ ಬೋಗಿಗೆ ಹತ್ತುವುದಾದರೆ ಬಾಗಿಲಿಗೆ ಇಪ್ಪತ್ತು ಜನ. ಎರಡು ನಿಮಿಷವೆಂದರೆ 120 ಸೆಕೆಂಡು. ಒಬ್ಬರಿಗೆ ಆರು ಸೆಕೆಂಡು. ಇದರ ನಡುವೆ ಇಳಿಯುವವರೂ ಇದ್ದಾರೆ. ಆರು ಸೆಕೆಂಡಿನಲ್ಲಿ ಒಂದು ಚೀಲದೊಂದಿಗೆ ಹತ್ತಬಹುದು. ಎರಡು ಸೂಟ್‌ಕೇಸು, ಮೇಲೊಂದು ಊಟದ ಬುಟ್ಟಿ ಇಟ್ಟುಕೊಂಡು ಹತ್ತಲಾಗದು.

ಹತ್ತಿದ ಮೇಲೆ ಇಡುವುದೆಲ್ಲಿ? ಸ್ಲೀಪರಿನ ಒಂದು ಅಂಕಣದಲ್ಲಿ ಎಂಟು ಬರ್ತು. ಲಗೇಜಿಗೆ ಇರುವ ಜಾಗ ಕೆಳಗಿನ ಬರ್ತುಗಳ ಅಡಿ ಮಾತ್ರ, ಅದನ್ನು ಎಂಟು ಜನ ಹಂಚಿಕೊಳ್ಳಬೇಕು. ಗಟ್ಟಿ ಮೈಯ ದೊಡ್ಡ ಸೂಟ್‌ಕೇಸು ಬಗ್ಗುವುದೂ ಇಲ್ಲ, ಸರಿಯುವುದೂ ಇಲ್ಲ. ಬಟ್ಟೆಯ ಮೆತ್ತನೆ ಚೀಲವಾದರೆ ಒತ್ತಿ ತಳ್ಳಬಹುದು. ಯಾತ್ರೆಗೆ ಹೊಸ ಬ್ಯಾಗು ಕೊಳ್ಳುವವರು ಚಂದ ನೋಡಿ ಕೊಳ್ಳುವ ಬದಲು ಇದನ್ನು ಯೋಚಿಸಿ. ಚಕ್ರದ ಬ್ಯಾಗನ್ನು ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಎಳೆದುಕೊಂಡು ಹೋಗುವುದು ಸುಲಭ. ಕಾಶಿಯ ಗಲ್ಲಿಯ ಕಲ್ಲು ಹಾಸಿನಲ್ಲಿ, ಗಂಗೆಯ ಘಾಟಿನ ಮೆಟ್ಟಿಲುಗಳಲ್ಲಿ ಚಕ್ರ ಉಪಯೋಗಕ್ಕೆ ಬರುವುದಿಲ್ಲ. ಎಷ್ಟೋ ವಸತಿಗೃಹಗಳ ಬಾಗಿಲ ತನಕ ವಾಹನವೇ ಹೋಗುವುದಿಲ್ಲ. ಹೆಗಲಿಗೆ ಹಾಕಿಕೊಳ್ಳುವ ಚೀಲವೇ ಅಲ್ಲಿ ಗತಿ.

ಇನ್ನು ಬಟ್ಟೆಯ ಮಾತು. ನಾವು ಕರಾವಳಿಯವರು ಬಟ್ಟೆ ಹೆಚ್ಚು ತುಂಬುವುದಕ್ಕೆ ಕಾರಣವಿದೆ. ಆಷಾಢದಲ್ಲಿ ಒಗೆದ ಪಂಚೆ ಮೂರು ದಿನವಾದರೂ ಒಣಗದ ಊರು ನಮ್ಮದು. ಒಣಗದಿದ್ದರೆ ಏನು ಮಾಡುವುದು ಎಂಬ ಭಯ ಮೈಗೂಡಿದೆ. ಹೋಗುವ ಕಡೆ ಗಾಳಿ ಒಣ ಗಾಳಿ. ಮಾರ್ಚಿನ ಮಥುರಾದಲ್ಲಿ ರಾತ್ರಿ ಹಿಂಡಿ ಹರವಿದ್ದು ಬೆಳಿಗ್ಗೆ ಉಡಲು ಸಿಗುತ್ತದೆ. ಡಿಸೆಂಬರ್ ಜನವರಿಯ ಮಂಜಿನಲ್ಲಿ ಮಾತ್ರ ನಿಧಾನ. ಹಾಗಾಗಿ ಮೈಮೇಲಿನದು ಬಿಟ್ಟು ಮೂರು ಜೊತೆ, ಚಳಿಗಾಲವಾದರೆ ನಾಲ್ಕು. ಅದರ ಮೇಲೆ ಒಂದು ಸಾಬೂನು, ಒಂದು ಹಗ್ಗ. ಟರ್ಕಿ ಟವೆಲು ಬೇಡವೇ ಬೇಡ. ಒದ್ದೆಯಾದರೆ ಅದು ಚೀಲದಲ್ಲಿರುವ ಎಲ್ಲವನ್ನೂ ಒದ್ದೆ ಮಾಡುತ್ತದೆ. ನಮ್ಮ ತೆಳು ಬೈರಾಸಿನಷ್ಟು ಒಳ್ಳೆಯ ಯಾತ್ರಾ ವಸ್ತ್ರ ಇನ್ನೊಂದಿಲ್ಲ. ಮೈ ಒರಸಲು ಬರುತ್ತದೆ, ತಲೆಗೆ ಕಟ್ಟಲು ಬರುತ್ತದೆ, ಸೀಟು ಹಿಡಿಯಲೂ ಬರುತ್ತದೆ.

ಚಳಿಯ ವಿಷಯದಲ್ಲಿ ನಾವು ಅನನುಭವಿಗಳು. ಸ್ವೆಟರು ಇಲ್ಲದ ಮನೆಗಳೇ ಜಾಸ್ತಿ. ಕಾಶಿ, ದೆಹಲಿಗಳಲ್ಲಿ ಡಿಸೆಂಬರ್ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಅದಕ್ಕೆ ಹೆದರಿ ಯಾರದೋ ದಪ್ಪ ಕಂಬಳಿ ಕೋಟನ್ನು ಕಡ ತಂದು ತುಂಬಿದರೆ ಅರ್ಧ ಚೀಲ ಅದೇ ನುಂಗುತ್ತದೆ. ಒಂದು ದಪ್ಪದ ಬದಲು ಎರಡು ತೆಳುವಿನವು ಒಯ್ಯಿರಿ. ಎರಡರ ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ. ಮಧ್ಯಾಹ್ನ ಸೆಕೆಯಾದರೆ ಒಂದನ್ನು ತೆಗೆಯಬಹುದು. ಇನ್ನೊಂದು ಮಾತು: ತಲೆಗೆ ಹಚ್ಚಲು ಬಾಟಲಿ ತುಂಬ ತೆಂಗಿನೆಣ್ಣೆ ಒಯ್ಯುತ್ತೇವಲ್ಲ, 24-25 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಉತ್ತರದ ಚಳಿಯಲ್ಲಿ ಬಾಟಲಿ ಬಗ್ಗಿಸಿದರೆ ತೊಟ್ಟೂ ಬೀಳದು. ವಾಪಸ್ಸು ಬರುವಾಗ ಕೊಂಕಣದ ಸೆಕೆಗೆ ಕರಗಿ, ಸಡಿಲ ಮುಚ್ಚಳದಿಂದ ಇಳಿದು, ಕಾಶಿಯಲ್ಲಿ ಕೊಂಡ ಸೀರೆಯ ಮಡಿಕೆಗೆ ಹತ್ತುತ್ತದೆ. ಅಗಲ ಬಾಯಿಯ ಸಣ್ಣ ಡಬ್ಬಿ ಸಾಕು.

ತಿಂಡಿಯ ಗಂಟು ನಮ್ಮ ದೊಡ್ಡ ದೌರ್ಬಲ್ಯ. ರೊಟ್ಟಿ ದಾಲ್ ತಿಂದು ಬಾಯಿ ಕೆಟ್ಟಾಗ ಮಿಡಿ ಉಪ್ಪಿನಕಾಯಿ ಎಷ್ಟು ದೊಡ್ಡ ಸಮಾಧಾನವೆಂದು ಯಾರಿಗೆ ಗೊತ್ತಿಲ್ಲ! ಆದರೆ ನಲವತ್ತು ಜನ ನಲವತ್ತು ಬಾಟಲಿ ತಂದರೆ? ಇಲ್ಲಿ ನಮ್ಮ ಯಕ್ಷಗಾನ ಮೇಳಗಳಿಂದ ಕಲಿಯುವುದುಂಟು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ತಿಂಗಳುಗಟ್ಟಲೆ ದಿನಕ್ಕೊಂದು ಊರಿನಲ್ಲಿ ಆಟ ಆಡುವ ಮೇಳ ಒಂದು ನಡೆದಾಡುವ ಊರೇ ಸರಿ. ಆದರೆ ಕಿರೀಟ, ಆಭರಣ, ಬಣ್ಣದ ಸಾಮಾನುಗಳ ಹೆಚ್ಚಿನ ಪಾಲು ಮೇಳದ ಪೆಟ್ಟಿಗೆಯಲ್ಲಿರುತ್ತದೆ, ಎಲ್ಲರದ್ದೂ ಸೇರಿ. ಕಲಾವಿದರು ಸ್ವಂತಕ್ಕೆ ತರುವುದು ಕಡಿಮೆ. ಪೆಟ್ಟಿಗೆಯನ್ನು ತಲೆಮೇಲೆ ಹೊತ್ತು ಊರಿಂದೂರಿಗೆ ನಡೆದ ಕಾಲದಲ್ಲಿ ಹುಟ್ಟಿದ ಕ್ರಮ ಅದು. ಹೊರುವವರು ಎದುರಿಗಿದ್ದಾಗ ಬೇಡದ್ದನ್ನು ತುಂಬಲು ಯಾರಿಗೂ ಮನಸ್ಸು ಬಾರದು. ಯಾತ್ರೆಯಲ್ಲೂ ಹಾಗೆ ಹಂಚಿಕೊಳ್ಳಬಹುದು. ಒಂದು ಮನೆಯವರು ಉಪ್ಪಿನಕಾಯಿ, ಇನ್ನೊಂದು ಮನೆಯವರು ಚಟ್ನಿಪುಡಿ, ಮತ್ತೊಬ್ಬರು ಅವಲಕ್ಕಿ. ಇಸ್ತ್ರಿಪೆಟ್ಟಿಗೆ ಇಡೀ ತಂಡಕ್ಕೆ ಒಂದು. ಪ್ರಥಮ ಚಿಕಿತ್ಸೆಯ ಡಬ್ಬಿ, ಸೂಜಿ ದಾರ, ಕತ್ತರಿ, ಟಾರ್ಚು ಕೂಡ ಅಷ್ಟೇ. ಹಂಚಿಕೊಳ್ಳಬಾರದ್ದು ಒಂದೇ: ನಿಮ್ಮ ಮಾತ್ರೆ ಔಷಧಿ. ಅದು ಯಾತ್ರೆಯ ದಿನಗಳಿಗಿಂತ ಮೂರು ನಾಲ್ಕು ದಿನಕ್ಕೆ ಹೆಚ್ಚಾಗಿ, ವೈದ್ಯರ ಚೀಟಿಯೊಂದಿಗೆ, ಸದಾ ಕೈಚೀಲದಲ್ಲೇ ಇರಲಿ. ಡಿಕ್ಕಿಯ ತಳದಲ್ಲಿ ಸಿಕ್ಕಿಕೊಂಡ ರಕ್ತದೊತ್ತಡದ ಮಾತ್ರೆ ಅಗತ್ಯದ ಹೊತ್ತಿಗೆ ಕೈಗೆ ಬಾರದು.

ಅಡುಗೆಯವರನ್ನೇ ಕರೆದುಕೊಂಡು ಹೋಗುವ ತಂಡಗಳೂ ಇವೆ. ಕುಚ್ಚಿಲಕ್ಕಿ ಗಂಜಿ ಇಲ್ಲದೆ ಆಗದವರಿಗೆ ಅದು ವರವೇ. ಆದರೆ ರೈಲಿಗೆ ಗ್ಯಾಸು, ಸ್ಟೌವು, ಸೀಮೆಎಣ್ಣೆ ಎಂದೆಂದಿಗೂ ಬೇಡ. 2023ರ ಆಗಸ್ಟ್ 26ರ ಬೆಳಗಿನ ಜಾವ ತಮಿಳುನಾಡಿನ ಮಧುರೆಯಲ್ಲಿ ನಡೆದದ್ದು ನೆನಪಿರಬಹುದು. ಲಖನೌ ಕಡೆಯಿಂದ ಬಂದ ಯಾತ್ರಿಕರ ಖಾಸಗಿ ಬೋಗಿ ಅಲ್ಲಿ ನಿಂತಿತ್ತು. ನಿಯಮ ಮೀರಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ಒಂದು ಲೋಟ ಬಿಸಿ ಚಹಾಕ್ಕಾಗಿ ಕೊಡಬಾರದ ಬೆಲೆ ಅದು. ಕಾನೂನಿನಲ್ಲಿ ಇದಕ್ಕೆ ಜೈಲು ಶಿಕ್ಷೆಯೂ ಇದೆ.

ವಿಮಾನದಲ್ಲಿ ಹೋಗುವ ತಂಡಗಳಿಗೆ ಲೆಕ್ಕ ಇನ್ನೂ ಬಿಗಿ. ದೇಶದೊಳಗಿನ ಹಾರಾಟಕ್ಕೆ ಸಾಮಾನ್ಯವಾಗಿ 15 ಕಿಲೋ, ಕೈಯಲ್ಲಿ 7 ಕಿಲೋ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. ನಮ್ಮವರಿಗೆ ಮುಖ್ಯವಾದ ಸಂಗತಿಯೊಂದಿದೆ: ಒಣ ಕೊಬ್ಬರಿಯನ್ನು ಲಗೇಜಿನಲ್ಲಿ ಹಾಕುವಂತಿಲ್ಲ. ಎಣ್ಣೆ ಅಂಶ ಹೆಚ್ಚಿರುವ ಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂಬುದು ಕಾರಣ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ವಿನಾಯಿತಿಯನ್ನೇ ಕೊಡಬೇಕಾಯಿತು.

ಕೇದಾರದಂಥ ಕಡೆ ಹೋಗುವವರು ಚೀಲದೊಳಗೊಂದು ಚೀಲ ಒಯ್ಯಲೇಬೇಕು. ಕೇದಾರನಾಥ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ; ಗೌರಿಕುಂಡದಿಂದ ಮೇಲೆ ಸುಮಾರು 16 ಕಿಲೋಮೀಟರ್ ಕಾಲುದಾರಿ. ದೊಡ್ಡ ಲಗೇಜನ್ನು ಕೆಳಗಿನ ಲಾಡ್ಜಿನಲ್ಲಿ ಬಿಟ್ಟು ಒಂದು ರಾತ್ರಿಯ ಸಾಮಾನನ್ನಷ್ಟೇ ಮೇಲೆ ಒಯ್ಯುವುದು ರೂಢಿ. ಹೆಲಿಕಾಪ್ಟರಿನಲ್ಲಿ ಹೋದರೆ ತಲೆಗೆ ಎರಡು ಕಿಲೋ ಮಾತ್ರ.

ವಾಪಸ್ಸಿನ ಭಾರವನ್ನು ಹೊರಡುವಾಗಲೇ ಎಣಿಸಬೇಕು. ಬನಾರಸಿ ಸೀರೆ, ಮಥುರಾ ಪೇಡೆ, ಆಗ್ರಾ ಪೇಠಾ, ಮೊಮ್ಮಕ್ಕಳಿಗೆ ಆಟಿಕೆ. ಇವಕ್ಕೆ ಚೀಲದ ಕಾಲು ಭಾಗ ಖಾಲಿ ಬಿಡಿ. ಗಂಗೆಯನ್ನು ಐದು ಲೀಟರಿನ ಕ್ಯಾನಿನಲ್ಲಿ ತಂದರೆ ಐದು ಕಿಲೋ ಹೆಚ್ಚಿತು. ಪೂಜೆಗೆ ಬೇಕಾದದ್ದು ಒಂದು ಉದ್ಧರಣೆ ತೀರ್ಥ. ಬೆಸುಗೆ ಹಾಕಿದ ಸಣ್ಣ ತಾಮ್ರದ ತಂಬಿಗೆ ಇಡೀ ಕುಟುಂಬಕ್ಕೆ ಸಾಕು. ನೆರೆಕರೆಯವರಿಗೆಲ್ಲ ಹಂಚಬೇಕೆಂದಿದ್ದರೆ ಅಂಚೆ ಇಲಾಖೆಯೂ 2016ರಿಂದ ಗಂಗಾಜಲ ಮಾರುತ್ತಿದೆ.

ಒಟ್ಟು ಎಷ್ಟು ಹಾಗಾದರೆ? ಹತ್ತು ದಿನದ ಯಾತ್ರೆಗೆ ಒಂದು ದೊಡ್ಡ ಚೀಲ 8 ರಿಂದ 10 ಕಿಲೋ, ಒಂದು ಕೈಚೀಲ 2 ಕಿಲೋ. ತೂಕದ ಯಂತ್ರ ಇಲ್ಲದವರಿಗೆ ಬೇರೆ ಪರೀಕ್ಷೆ ಇದೆ. ನಮ್ಮಲ್ಲಿ ಎಷ್ಟೋ ಮನೆಗಳು ಗುಡ್ಡದ ಇಳಿಜಾರಿನಲ್ಲಿವೆ, ರಸ್ತೆ ಇರುವುದು ಮೇಲೆ. ಹೊರಡುವ ಎರಡು ದಿನ ಮೊದಲು ತುಂಬಿದ ಚೀಲ ಹೊತ್ತು, ಎಲ್ಲೂ ಕೆಳಗಿಡದೆ ಮನೆಯಿಂದ ರಸ್ತೆಗೆ ಹೋಗಿ ಬನ್ನಿ. ಏದುಸಿರು ಬಂದರೆ ಚೀಲ ಬಿಚ್ಚಿ, ಎರಡು ಸಾಮಾನು ತೆಗೆಯಿರಿ. ಮಗನೋ ಅಳಿಯನೋ ಬಂದು ಎತ್ತಿಕೊಡುವುದು ಊರಿನ ಸ್ಟೇಷನ್ ತನಕ ಮಾತ್ರ. ಆಮೇಲೆ ನೀವು ಎತ್ತಲಾರದ್ದನ್ನು ತಂಡದ ಇನ್ನೊಬ್ಬರು ಎತ್ತಬೇಕು. ಅವರೂ ಹಣ ಕೊಟ್ಟು ಬಂದ ಯಾತ್ರಿಕರೇ, ಅವರಿಗೂ ಬೆನ್ನುನೋವಿದೆ. ಎಪ್ಪತ್ತು ದಾಟಿದ ಹಿರಿಯರಿಗೆ ಕೈಕೊಡುವುದು ಸಂತೋಷದ ಕೆಲಸ. ಅವರ ಚೀಲ ಹಗುರವಾಗಿದ್ದರೆ ಆ ಸಂತೋಷ ಹತ್ತನೆಯ ದಿನಕ್ಕೂ ಉಳಿಯುತ್ತದೆ.

ಸಂಘಟಕರಿಗೆ ಒಂದು ಕಿವಿಮಾತು. ಯಾತ್ರೆಯ ಮೊದಲ ಸಭೆಯಲ್ಲಿ ಎಲ್ಲರೂ ಹಣದ ಲೆಕ್ಕ ಕೇಳುತ್ತಾರೆ. ಅದರ ಜೊತೆಗೆ ಮೂರು ಸಂಗತಿ ನೀವಾಗಿಯೇ ಹೇಳಿಬಿಡಿ: ಎಷ್ಟು ಸಲ ಲಾಡ್ಜು ಬದಲಾಗುತ್ತದೆ, ಎಲ್ಲೆಲ್ಲಿ ಬಸ್ಸು ಬಾಗಿಲ ತನಕ ಬರುವುದಿಲ್ಲ, ಬಟ್ಟೆ ಒಗೆಯಲು ಬಿಡುವಿನ ದಿನ ಯಾವುದು. ಪ್ರತಿ ಚೀಲಕ್ಕೂ ಒಂದೇ ಬಣ್ಣದ ರಿಬ್ಬನ್ನು, ಹೆಸರು, ಫೋನ್ ನಂಬರು, ತಂಡದ ಸಂಖ್ಯೆ ಕಟ್ಟಿಸಿ. ಪ್ರತಿ ನಿಲ್ದಾಣದಲ್ಲೂ ತಲೆ ಎಣಿಸಿದ ಹಾಗೆ ಚೀಲವನ್ನೂ ಎಣಿಸಿ. ತಲೆಗೆ ಒಂದೇ ದೊಡ್ಡ ಚೀಲ ಎಂಬ ನಿಯಮ ಮಾಡುವುದಾದರೆ ನಿಮ್ಮ ಮನೆಯವರಿಂದಲೇ ಶುರು ಮಾಡಿ. ಸಂಘಟಕರ ಮನೆಯಿಂದ ಮೂರು ಸೂಟ್‌ಕೇಸು ಬಂತೆಂದರೆ, ಹಾಕಿದ ನಿಯಮಕ್ಕೆ ಯಾರೂ ಬೆಲೆ ಕೊಡುವುದಿಲ್ಲ.