ಕನ್ನಡಿ ನೋಡ್ಕೊಂಡು ನಕ್ಷತ್ರ ಬರೆದ ಹೆನ್ರಿ

ಬಸ್ಸಲ್ಲಿ ಕೂತು ಕೇಳ್ತಿದ್ದೀರಾ? ಪಕ್ಕದವರ ಜೊತೆ ಈಗಷ್ಟೇ ಆಡಿದ ಮಾತು ಐದು ನಿಮಿಷಕ್ಕೇ ಪೂರ್ತಿ ಮರೆತುಹೋದ್ರೆ ಹೇಗಿರುತ್ತೆ?

ಅಮೆರಿಕದ ಹೆನ್ರಿ ಮೊಲೈಸನ್‌ಗೆ ಆಗಿದ್ದು ಅದೇ. ಫಿಟ್ಸ್ ಕಾಟ ತಡೆಯಲಾರದೆ 1953ರಲ್ಲಿ, 27ನೇ ವಯಸ್ಸಲ್ಲಿ, ಮೆದುಳಿನ ಆಪರೇಷನ್ ಮಾಡಿಸ್ಕೊಂಡ್ರು. ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಫಿಟ್ಸ್ ಕಡಿಮೆಯಾಯ್ತು. ಆದರೆ ಹೊಸ ನೆನಪು ಉಳಿಯೋದೇ ನಿಂತುಹೋಯ್ತು.

ಅವರನ್ನು ಪರೀಕ್ಷಿಸೋಕೆ ಕೆನಡಾದ ಮಾಂಟ್ರಿಯಲ್‌ನಿಂದ ಬಂದವರು ಬ್ರೆಂಡಾ ಮಿಲ್ನರ್. ಸರ್ಜನ್ ಸ್ಕೋವಿಲ್ ಜೊತೆ 1957ರಲ್ಲಿ ಅವರು ಬರೆದ ಪ್ರಬಂಧವನ್ನು ಇವತ್ತಿಗೂ ಸಂಶೋಧಕರು ಉಲ್ಲೇಖಿಸ್ತಾರೆ. ನೆನಪಿಗೆ ಮೆದುಳಲ್ಲಿ ಪ್ರತ್ಯೇಕ ಜಾಗ ಇಲ್ಲ ಅನ್ನೋ ಅಂದಿನ ನಂಬಿಕೆಯನ್ನು ಅದು ಅಲ್ಲಾಡಿಸಿತು.

ನನಗೆ ಇಷ್ಟವಾಗೋದು ಮಾತ್ರ ನಕ್ಷತ್ರದ ಪ್ರಯೋಗ. ಕೈ ನೇರವಾಗಿ ಕಾಣಲ್ಲ, ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ನಕ್ಷತ್ರದ ಗೆರೆ ಎಳೀಬೇಕು. ಟ್ರೈ ಮಾಡಿ, ಪೆನ್ಸಿಲ್ ಎಲ್ಲೆಲ್ಲೋ ಓಡುತ್ತೆ! ಮೂರು ದಿನದಲ್ಲಿ ಹೆನ್ರಿಯ ತಪ್ಪುಗಳು ತುಂಬಾ ಇಳಿದವು. ಆದರೆ ಹಿಂದೆ ಮಾಡಿದ್ದು ಒಂಚೂರೂ ನೆನಪಿಲ್ಲ. ಅಂದ್ರೆ ತಲೆ ಮರೆತದ್ದನ್ನು ಕೈ ಕಲಿತಿತ್ತು. ಘಟನೆಗಳ ನೆನಪು ಬೇರೆ, ಸೈಕಲ್ ಹೊಡೆಯೋ ಥರದ ಕೌಶಲದ ನೆನಪು ಬೇರೆ ಅನ್ನೋದಕ್ಕೆ ಇದು ಗಟ್ಟಿ ಸಾಕ್ಷಿ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡಲ್ಲ: ಒಪ್ಪಿದ್ದೇ ನೆನಪಿರದವರ ಒಪ್ಪಿಗೆ ಎಂಥ ಒಪ್ಪಿಗೆ?

ಮಿಲ್ನರ್‌ಗೆ 2014ರಲ್ಲಿ ಕಾವ್ಲಿ ಪ್ರಶಸ್ತಿ ಬಂತು. 2008ರಲ್ಲಿ ತೀರಿಕೊಳ್ಳೋವರೆಗೂ ಹೆನ್ರಿ ಜಗತ್ತಿಗೆ ಬರೀ ‘ಎಚ್.ಎಂ.’ ಆಗಿದ್ದರು. ಮಿಲ್ನರ್ ಪ್ರತಿ ಸಲ ಬಂದಾಗಲೂ ಅವರಿಗೆ ಅದೇ ಮೊದಲ ಭೇಟಿ.