ಟೇ ನದಿಯಲ್ಲಿ ಒಂದು ದಿನ

ಮೀನು ಹಿಡಿಯುವುದನ್ನು ವಿನೋದವೆಂದು ಕರೆದರೆ ಶ್ರೋತೃಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಬಲ್ಲೆವು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವರೆಂದರೆ ಉಳಿದವರು ನಗಲೂಬಹುದು. ಆದರೂ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ನಮ್ಮ ಅಣ್ಣನವರೊಡನೆ ಕಳೆದ ಒಂದು ದಿನವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಬಯಸುತ್ತೇವೆ.

ಅಣ್ಣನವರು ಪರ್ತ್ ಪಟ್ಟಣದಲ್ಲಿ ಬಹುಕಾಲದಿಂದ ನೆಲೆಸಿದವರು. ಆ ನದಿಯಲ್ಲಿ ಸಾಲ್ಮನ್ ಮೀನಿಗೆ ಗಾಳದ ಕೋಲು ಹಿಡಿಯಲು ಜನವರಿ 15ರಿಂದ ಅಕ್ಟೋಬರ್ 15ರವರೆಗೆ ಮಾತ್ರ ಅವಕಾಶವುಂಟು. ಭಾನುವಾರ ಸರ್ವಥಾ ಕೂಡದು. ನಾವು ಹೋದುದು ಅಕ್ಟೋಬರಿನ ಒಂದು ಶನಿವಾರ. ಮೊಣಕಾಲಿನ ವ್ಯಾಧಿಯ ದೆಸೆಯಿಂದ ಇನ್ನು ಹೊಳೆಗೆ ಇಳಿಯಕೂಡದೆಂದು ವೈದ್ಯರು ಅಣ್ಣನವರಿಗೆ ತಿಳಿಸಿದ್ದರು. ಹಿಂದಿನ ಮೂರು ವರ್ಷಗಳಲ್ಲಿ ಅವರಿಗೆ ಒಂದು ಮೀನೂ ದೊರೆತಿರಲಿಲ್ಲ.

ಡಂಕೆಲ್ಡ್ ಊರಿನ ಕೆಳಗೆ ಸೊಂಟದವರೆಗಿನ ನೀರಿನಲ್ಲಿ ನಿಂತೆವು. ಕೋಲು 15 ಅಡಿ ಉದ್ದ. ಎರಡು ಕೈಯಿಂದಲೂ ಹಿಡಿದು ಬೀಸಬೇಕು. ದಾರದ ತುದಿಯಲ್ಲಿದ್ದುದು ಎರೆಹುಳುವಲ್ಲ. ಕೊಕ್ಕೆಗೆ ಬಣ್ಣದ ಗರಿ, ಕೂದಲುಗಳನ್ನು ಸುತ್ತಿದ ಒಂದು ಕೃತಕ ಕೀಟ. ಅದನ್ನು ಹೊಳೆಗೆ ಅಡ್ಡಲಾಗಿ ಎಸೆದು, ಪ್ರವಾಹದಲ್ಲಿ ತೇಲಿಬಿಟ್ಟು, ಒಂದು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯುವುದು. ಬೆಳಗಿನಿಂದ ಮಧ್ಯಾಹ್ನದವರೆಗೆ ಇಷ್ಟೇ ಕೆಲಸ.

ಬಾಲ್ಯದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಹಸಿದ ಮೀನುಗಳಿಗೆ ಗಾಳ ಹಾಕಿದ್ದ ನಮಗೆ ಇದೊಂದು ಒಗಟಾಗಿ ಕಂಡಿತು. ಏಕೆಂದರೆ ಹೊಳೆಗೆ ಮರಳಿದ ಸಾಲ್ಮನ್ ಆಹಾರವನ್ನೇ ತೆಗೆದುಕೊಳ್ಳುವುದಿಲ್ಲ. ಹೊಳೆಯ ಗರಸಿನಲ್ಲಿ ಹುಟ್ಟಿ, ಎರಡು ಮೂರು ವರ್ಷ ಅಲ್ಲಿಯೇ ಬೆಳೆದು, ಗ್ರೀನ್‌ಲೆಂಡಿನವರೆಗಿನ ಸಮುದ್ರಗಳಲ್ಲಿ ಮೇದು ಕೊಬ್ಬಿ, ತವರುನೀರಿನ ವಾಸನೆಯನ್ನು ಹಿಡಿದು ಮೊಟ್ಟೆಯಿಡಲು ಹಿಂದಿರುಗುವ ಪ್ರಾಣಿಯದು. ಉಪವಾಸವಿರುವ ಆ ಮೀನು ಗರಿಯ ಕೀಟವನ್ನೇಕೆ ಕಚ್ಚಬೇಕು? ಕೋಪವೆನ್ನುವರು ಕೆಲವರು; ಬಾಲ್ಯದ ಅಭ್ಯಾಸವೆನ್ನುವರು ಕೆಲವರು. ನಮಗೆ ಎರಡನೆಯದೇ ಹಿತವಾಗಿ ತೋರುತ್ತದೆ.

ಇದೇ ನದಿಯಲ್ಲಿ, ಕೇಪತ್ ಎಂಬ ಹಳ್ಳಿಯ ಬಳಿ, 1922ರ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ತಂದೆಯೊಡನೆ ದೋಣಿಯಲ್ಲಿ ಕುಳಿತು 64 ಪೌಂಡಿನ ಸಾಲ್ಮನ್ನನ್ನು ಹಿಡಿದಳು. ಬ್ರಿಟನ್ನಿನಲ್ಲಿ ಗಾಳಕ್ಕೆ ಅಷ್ಟು ತೂಕದ ಸಾಲ್ಮನ್ ಆಮೇಲೆ ಬಿದ್ದಿಲ್ಲ. ಈಗಂತೂ ಮೀನುಗಳೇ ಕಡಿಮೆಯಾಗಿವೆ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ನುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಮರಳಿ ಬಿಡುತ್ತಾರೆ.

ಮೂರು ಗಂಟೆಯ ಸುಮಾರಿಗೆ ಅಣ್ಣನವರ ದಾರ ತಟಕ್ಕನೆ ನಿಂತಿತು; ರಾಟೆ ಕಿರ್ರೆಂದಿತು. ಇಪ್ಪತ್ತು ನಿಮಿಷ ಅವರು ಒಂದು ಮಾತನ್ನೂ ಆಡಲಿಲ್ಲ. ಅವರ ಮೊಣಕಾಲು ನಡುಗುತ್ತಿದ್ದುದನ್ನು ಕಂಡು ತೋಳು ಹಿಡಿಯಲು ಹೋದೆವು. “ಬಲೆ ಹಿಡಿ, ನನ್ನನ್ನಲ್ಲ” ಎಂದರು. ಬಲೆಗೆ ಬಂದುದು ಎಂಟು ಪೌಂಡಿನಷ್ಟಿದ್ದ ತಾಮ್ರವರ್ಣದ ಹೆಣ್ಣುಮೀನು. ಹೊಟ್ಟೆಯ ತುಂಬ ಮೊಟ್ಟೆ. ಎತ್ತಿ ನೋಡುವ ನಮ್ಮ ಆಸೆಯನ್ನು ಅರಿತವರಂತೆ, “ನೀರಿನಿಂದ ಮೇಲೆತ್ತಬೇಡವೋ. ಅದಕ್ಕೆ ಉಸಿರು ಬರಲಿ” ಎಂದು ಕೊಕ್ಕೆಯನ್ನು ಬಿಡಿಸಿ, ಅದರ ತಲೆಯನ್ನು ಪ್ರವಾಹಕ್ಕೆ ಎದುರಾಗಿ ತಿರುಗಿಸಿ, ಬಾಲದ ಬುಡವನ್ನು ನಮ್ಮ ಕೈಗೆ ಕೊಟ್ಟರು. ಅಂಗೈಯಲ್ಲಿ ಮೊದಲು ಏನೂ ತಿಳಿಯಲಿಲ್ಲ. ಬಳಿಕ ಒಂದು ಸಣ್ಣ ಮಿಡಿತ, ಅನಂತರ ಒಂದು ಬಲವಾದ ಒದೆತ, ಮೀನು ಹೊರಟುಹೋಯಿತು.

ಇನ್ನೂ ಎರಡು ಗಂಟೆಯ ಬೆಳಕಿತ್ತು. ಅಣ್ಣನವರು ಕೋಲನ್ನು ನಮಗೆ ಒಪ್ಪಿಸಿ ದಡದ ಕಲ್ಲಿನ ಮೇಲೆ ಹೋಗಿ ಕುಳಿತರು. ಅವರು ಅಲ್ಲಿಂದಲೇ ಹೇಳಿಕೊಡುತ್ತಿರಲು ಕತ್ತಲಾಗುವವರೆಗೆ ಎಸೆದೆವು, ಏನೂ ಬೀಳಲಿಲ್ಲ.